ಗಪ್ಪಿ, ಹಳ್ಳದ ಮೀನು, ಬಿಟಿಐ ಪುಡಿ: ಮಲೆನಾಡಿನ ಯಾವ ನೀರಿಗೆ ಯಾವುದು?

ಮಳೆಗಾಲ ಮುಗಿದು ಹಳ್ಳಗಳ ನೀರು ತಿಳಿಯಾಗುವ ಹೊತ್ತಿಗೆ ಶಿವಮೊಗ್ಗ ಸೀಮೆಯ ಪಂಚಾಯಿತಿಗಳಲ್ಲಿ, ಸ್ತ್ರೀಶಕ್ತಿ ಸಂಘಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಮಲೇರಿಯಾ ಸೊಳ್ಳೆ ತಡೆಯಲು ಮೀನು ಬಿಡೋಣವೋ, ಸೊಳ್ಳೆ ಮರಿ ಕೊಲ್ಲುವ ಬಿಟಿಐ ಎಂಬ ಬ್ಯಾಕ್ಟೀರಿಯಾ ಪುಡಿ ಹೊಡೆಸೋಣವೋ? ಮೀನೇ ಆದರೆ ಗಪ್ಪಿಯೋ, ಗಂಬೂಸಿಯಾವೋ, ನಮ್ಮ ಹಳ್ಳದಲ್ಲಿರುವ ಮೀನೇ ಸಾಕೋ? ಊರಿಗೆಲ್ಲ ಒಂದೇ ಉತ್ತರ ಹುಡುಕಿದರೆ ಕೆಲಸ ಕೆಡುತ್ತದೆ. ಬಾವಿಗೆ ಸರಿಹೋದದ್ದು ಅದೇ ಊರಿನ ಹಳ್ಳಕ್ಕೆ ತಪ್ಪಾಗಬಹುದು. ಹಾಗಾಗಿ ಮೊದಲು ನೀರನ್ನು ನೋಡಬೇಕು, ಆಮೇಲೆ ಮೀನು, ಪುಡಿಗಳ ಮಾತು.

ನೀರಿನಲ್ಲಿರುವುದು ಮಲೇರಿಯಾ ಸೊಳ್ಳೆಯ ಮರಿಯೇ?

ಒಂದು ಬಿಳಿ ಪ್ಲಾಸ್ಟಿಕ್ ಮಗ್ ತೆಗೆದುಕೊಂಡು, ನಿಮ್ಮ ನೆರಳು ನೀರಿನ ಮೇಲೆ ಬೀಳದ ಕಡೆಯಿಂದ ಮೆಲ್ಲಗೆ ಹೋಗಿ. ನೆರಳು ಬಿದ್ದರೆ ಮರಿಗಳು ತಳಕ್ಕೆ ಇಳಿಯುತ್ತವೆ; ಹಾಗಾದರೆ ಎರಡು ಮೂರು ನಿಮಿಷ ಸುಮ್ಮನೆ ಕಾಯಬೇಕು. ಮಗ್ಗನ್ನು ಓರೆಯಾಗಿ ಹಿಡಿದು ದಡದ ಹುಲ್ಲಿನ ಅಂಚಿನಿಂದ ನೀರು ಎತ್ತಿ. ಮಲೇರಿಯಾ ತರುವ ಅನಾಫಿಲಿಸ್ ಸೊಳ್ಳೆಯ ಮರಿ ನೀರಿನ ಮೇಲ್ಮೈಗೆ ಅಂಟಿದ ಕಡ್ಡಿಯ ಹಾಗೆ ಅಡ್ಡಕ್ಕೆ ಮಲಗಿರುತ್ತದೆ, ಅದಕ್ಕೆ ಉಸಿರಾಟದ ಕೊಳವೆ ಇಲ್ಲ. ಕ್ಯೂಲೆಕ್ಸ್ ಮತ್ತು ಡೆಂಗಿ ತರುವ ಈಡಿಸ್ ಮರಿಗಳು ಬಾಲದ ಕೊಳವೆಯನ್ನು ಮೇಲ್ಮೈಗೆ ತಾಗಿಸಿ ತಲೆಕೆಳಗಾಗಿ ಜೋತಾಡುತ್ತವೆ. ಅಲ್ಪವಿರಾಮದ ಹಾಗೆ ಬಾಗಿರುವುದು ಪ್ಯೂಪಾ, ಅಂದರೆ ಮರಿ ಸೊಳ್ಳೆಯಾಗುವ ಮುಂಚಿನ ಹಂತ. ಅದು ಏನನ್ನೂ ತಿನ್ನುವುದಿಲ್ಲ. ಈ ಮಾತು ನೆನಪಿರಲಿ, ಪುಡಿಯ ಪ್ರಸ್ತಾಪ ಬಂದಾಗ ಬೇಕಾಗುತ್ತದೆ. ಒಂದೊಂದು ಜಾಗದಲ್ಲಿ ಹತ್ತು ಸಲ ಮಗ್ ಅದ್ದಿ ಎಷ್ಟು ಮರಿ, ಎಷ್ಟು ಪ್ಯೂಪಾ ಎಂದು ಪುಸ್ತಕದಲ್ಲಿ ಬರೆದಿಡಿ. ಮುಂದೆ ಮೀನು ಕೆಲಸ ಮಾಡಿತೋ ಇಲ್ಲವೋ ಎಂಬುದಕ್ಕೆ ಬೇರೆ ಸಾಕ್ಷಿ ಇರುವುದಿಲ್ಲ.

ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ಟೈರು, ಒಡೆದ ಮಡಕೆಗಳಲ್ಲಿ ಸಾಮಾನ್ಯವಾಗಿ ಸಿಗುವುದು ಈಡಿಸ್. ಅಲ್ಲಿ ಮೀನೂ ಬೇಡ, ಪುಡಿಯೂ ಬೇಡ. ಹಾಳೆ ಮಗುಚಿ ಹಾಕಿದರೆ ಆಯಿತು. ಅನಾಫಿಲಿಸ್‌ಗೆ ಬೇಕಾದದ್ದು ಹೆಚ್ಚಾಗಿ ತಿಳಿನೀರು. ಅದರಲ್ಲೂ ಮೂರು ಬಗೆಯವು ಮೂರು ಕಡೆ ಸಂಸಾರ ಹೂಡುತ್ತವೆ. ಘಟ್ಟದಂಚಿನ ನಿಧಾನವಾಗಿ ಹರಿಯುವ, ದಡದಲ್ಲಿ ಹುಲ್ಲಿರುವ ತೊರೆಗಳಲ್ಲಿ ಫ್ಲುವಿಯಾಟಿಲಿಸ್. ಅರೆಮಲೆನಾಡಿನ ಬಾವಿ, ನಾಲೆಯ ಅಂಚು, ಗುಂಡಿಗಳಲ್ಲಿ ಕ್ಯುಲಿಸಿಫೇಸೀಸ್. ಪೇಟೆಯ ಓವರ್‌ಹೆಡ್ ಟ್ಯಾಂಕ್, ಸಂಪು, ಕಟ್ಟಡ ಕಟ್ಟುವಲ್ಲಿ ನಿಂತ ನೀರಿನಲ್ಲಿ ಸ್ಟೀಫೆನ್ಸಿ.

ಅಳೆಯಬೇಕಾದ ನಾಲ್ಕು ಸಂಗತಿ

ನೀರು ಎಷ್ಟು ದಿನ ನಿಲ್ಲುತ್ತದೆ? ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು 8ರಿಂದ 10 ದಿನ ಸಾಕು, ಚಳಿಯಲ್ಲಿ ಇನ್ನೂ ನಿಧಾನ. ಮೂರು ವಾರದಲ್ಲಿ ಇಂಗಿಹೋಗುವ ಗುಂಡಿಯಲ್ಲಿ ಸೊಳ್ಳೆ ಹುಟ್ಟುತ್ತದೆ, ಆದರೆ ಮೀನು ಉಳಿಯುವುದಿಲ್ಲ.

ಮಳೆಗಾಲದಲ್ಲಿ ಆ ನೀರು ಉಕ್ಕಿ ಹಳ್ಳ ಸೇರುತ್ತದೆಯೇ? ಮಲೆನಾಡಿನಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು. ಬಯಲುಸೀಮೆಯ ಬಾವಿಯಲ್ಲಿ ಬಿಟ್ಟ ಮೀನು ಬಾವಿಯಲ್ಲೇ ಇರುತ್ತದೆ. ಹೊಸನಗರ, ತೀರ್ಥಹಳ್ಳಿ ಕಡೆ ಜುಲೈನಲ್ಲಿ ಬಾವಿ ಕಟ್ಟೆಯ ಮಟ್ಟಕ್ಕೆ ತುಂಬುವುದುಂಟು, ಕೃಷಿ ಹೊಂಡ ಕೋಡಿ ಬೀಳುವುದುಂಟು. ಅಲ್ಲಿಂದ ತೊರೆಗೆ, ತೊರೆಯಿಂದ ತುಂಗೆಗೋ ಶರಾವತಿಗೋ ದಾರಿ ಸಲೀಸು.

ಆ ನೀರಿಗೆ ಏನೇನು ಬಂದು ಸೇರುತ್ತದೆ? ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ ಇದೆ, ತಾಮ್ರ ಮೀನಿಗೆ ವಿಷ. ಡ್ರಮ್ ತೊಳೆದ ನೀರು ಒಂದು ಸಲ ತೊಟ್ಟಿಗೆ ಹೋದರೆ ಸಾಕು, ಮಾರನೇ ದಿನ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲುತ್ತವೆ. ಬ್ಲೀಚಿಂಗ್ ಪೌಡರ್, ಗದ್ದೆಯ ಕೀಟನಾಶಕ, ಸೊಳ್ಳೆ ಸಾಯಲೆಂದು ಸುರಿಯುವ ಸುಟ್ಟ ಎಣ್ಣೆ ಮಾಡುವುದೂ ಇದನ್ನೇ.

ನಾಲ್ಕನೆಯದು, ಆರನೇ ವಾರದಲ್ಲಿ ನೋಡುವವರು ಯಾರು? ಮೊದಲ ದಿನ ಫೋಟೋಕ್ಕೆ ಊರೇ ಸೇರುತ್ತದೆ. ಯೋಜನೆ ಕೈಕೊಡುವುದು ನಡುವಿನ ವಾರಗಳಲ್ಲಿ. ದುಡ್ಡಿನ ಲೆಕ್ಕವನ್ನೂ ಹೀಗೇ ಹಾಕಬೇಕು: ಮೊದಲ ಖರ್ಚಿಗಿಂತ ಮತ್ತೆ ಮತ್ತೆ ಬರುವ ಖರ್ಚು ಎಷ್ಟು ಎಂದು.

ಗಪ್ಪಿ

ಹೆಣ್ಣು 4ರಿಂದ 6 ಸೆಂಟಿಮೀಟರ್, ಬಣ್ಣದ ಬಾಲದ ಗಂಡು ಅದಕ್ಕಿಂತ ಚಿಕ್ಕದು. ಮೊಟ್ಟೆ ಇಡುವುದಿಲ್ಲ, ನಾಲ್ಕು ವಾರಕ್ಕೊಮ್ಮೆ ನೇರ ಮರಿ ಹಾಕುತ್ತದೆ. ಬೆಳೆದ ಒಂದು ಮೀನು ದಿನಕ್ಕೆ 80ರಿಂದ 100 ಸೊಳ್ಳೆ ಮರಿ ತಿನ್ನಬಲ್ಲದು. ತುಸು ಕೊಳಕು ನೀರನ್ನೂ ತಾಳಿಕೊಳ್ಳುತ್ತದೆ. ಆರೋಗ್ಯ ಇಲಾಖೆಯ ಮೀನು ಮರಿ ಕೇಂದ್ರಗಳಿಂದ ಕೊಡುವ ಲಾರ್ವಾಹಾರಿ (ಸೊಳ್ಳೆ ಮರಿ ತಿನ್ನುವ) ಮೀನುಗಳಲ್ಲಿ ಇದೂ ಒಂದು. ಹೀಗಾಗಿ ಆರಂಭದ ಖರ್ಚು ಸಾಗಣೆಯದು ಮಾತ್ರ.

ಬಾವಿಗೆ ಇದು ಒಗ್ಗುತ್ತದೆಂಬುದಕ್ಕೆ ನಮ್ಮ ರಾಜ್ಯದಲ್ಲೇ ಆಧಾರವಿದೆ. ಕೋಲಾರ ಜಿಲ್ಲೆಯ ಕಾಮಸಮುದ್ರಂ ಭಾಗದ ಹಳ್ಳಿಗಳ ಬಾವಿಗಳಿಗೆ ಲಾರ್ವಾಹಾರಿ ಮೀನು ಬಿಟ್ಟು ಸಂಶೋಧಕರು ಅಧ್ಯಯನ ಮಾಡಿದರು. ಕ್ಯುಲಿಸಿಫೇಸೀಸ್‌ನಲ್ಲಿ ನೋಡಲು ಒಂದೇ ಥರ ಇರುವ ಒಳಪಂಗಡಗಳಿವೆ. ಅವುಗಳಲ್ಲಿ ಮಲೇರಿಯಾ ಹರಡುವ ‘ಎ’ ಪಂಗಡ ಅಲ್ಲಿ ಬಾವಿಗಳಲ್ಲಿ ಬೆಳೆಯುತ್ತಿತ್ತು. ಬಾವಿಯ ಮರಿಗಳನ್ನು ಮೀನು ತಿಂದದ್ದರಿಂದ ಪೆಟ್ಟು ಬೀಳಬೇಕಾದ ಕಡೆಗೇ ಬಿತ್ತು, ಜ್ವರದ ಪ್ರಕರಣಗಳೂ ಇಳಿದವು. ಊರಿನ ಎಲ್ಲ ನೀರಿಗೂ ಮೀನು ಬಿಡಬೇಕಿಲ್ಲ, ರೋಗ ಹುಟ್ಟುವ ನೀರನ್ನು ಗುರುತಿಸಿದರೆ ಸಾಕು ಎಂಬುದು ಇದರಿಂದ ಕಲಿಯಬೇಕಾದದ್ದು.

ಲೆಕ್ಕ ಹೀಗೆ: ದಡದ ಸುತ್ತಳತೆಯ ಒಂದು ಮೀಟರಿಗೆ 5ರಿಂದ 10 ಮೀನು. 3 ಮೀಟರ್ ಅಡ್ಡಗಲದ ಬಾವಿಯ ಸುತ್ತಳತೆ ಸುಮಾರು ಒಂಬತ್ತೂವರೆ ಮೀಟರ್; ಅಂದರೆ 50ರಿಂದ 100 ಮೀನು. ಮರಿ ವಿಪರೀತ ಇದ್ದರೆ ಇದರ ಎರಡರಷ್ಟು ಬಿಡಿ. ಬೆಳಗಿನ ತಂಪಿನಲ್ಲಿ ಸಾಗಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಮೂರನೇ ಒಂದು ಪಾಲು ಮೀನಿರುವ ತೊಟ್ಟಿಯ ನೀರೇ ಇರಲಿ, ಉಳಿದದ್ದು ಗಾಳಿ. ಕಟ್ಟಿದ ಚೀಲವನ್ನು ಹಾಗೆಯೇ ಬಾವಿಯ ನೀರಿನ ಮೇಲೆ 15–20 ನಿಮಿಷ ತೇಲಬಿಟ್ಟು, ಆಮೇಲೆ ಬಾವಿಯ ನೀರನ್ನು ಸ್ವಲ್ಪ ಸ್ವಲ್ಪ ಒಳಗೆ ಬೆರೆಸಿ, ಮೀನು ತಾವಾಗಿ ಈಜಿ ಹೊರಬರಲು ಬಿಡಬೇಕು. ಮೇಲಿನಿಂದ ಬಕೆಟ್ ಸುರಿದ ಬಾವಿಗಳಲ್ಲಿ ಅರ್ಧಕ್ಕರ್ಧ ಮೀನು ಪೆಟ್ಟಿಗೂ ತಣ್ಣೀರಿನ ಆಘಾತಕ್ಕೂ ಸಾಯುತ್ತವೆ. ಜನ ಮಾತ್ರ ‘ಮೀನು ನಮ್ಮ ಬಾವಿಗೆ ಆಗಿಬರಲಿಲ್ಲ’ ಎನ್ನುತ್ತಾರೆ. ಬಿಟ್ಟ ಮೇಲೆ ತೌಡು, ಅನ್ನ ಹಾಕಬಾರದು. ಹೊಟ್ಟೆ ತುಂಬಿದ ಮೀನು ಸೊಳ್ಳೆ ಮರಿಯನ್ನು ಹುಡುಕುವುದಿಲ್ಲ.

ಕುಡಿಯುವ ಬಾವಿಗೆ ಬ್ಲೀಚಿಂಗ್ ಹಾಕುವ ದಿನ ಬಂದರೆ ಹಿಂದಿನ ಸಂಜೆಯೇ ಬಲೆಯಿಂದ ಸಾಧ್ಯವಾದಷ್ಟು ಮೀನನ್ನು ಡ್ರಮ್ಮಿಗೆ ಎತ್ತಿಕೊಳ್ಳಿ. ಕ್ಲೋರಿನ್ ವಾಸನೆ ಪೂರ್ತಿ ಹೋದ ಮೇಲೆ ಮೊದಲು ಐದಾರು ಮೀನು ಬಿಟ್ಟು ನೋಡಿ, ಒಂದು ದಿನ ಬದುಕಿದರೆ ಉಳಿದವನ್ನೂ ಬಿಡಿ. ಬ್ಲೀಚಿಂಗ್ ನಿಲ್ಲಿಸುವುದು ಉತ್ತರವಲ್ಲ. ಭೇದಿ ತಪ್ಪಿಸುವ ಕೆಲಸ ಅದರದು.

ಗಪ್ಪಿಯ ಕೊರತೆ ಎರಡು. ಅದು ಬಿಸಿಲು ನಾಡಿನ ಮೀನು. ನೀರು 15 ಡಿಗ್ರಿಯ ಹತ್ತಿರ ಇಳಿದರೆ ಮಂಕಾಗಿ ಸಾಯತೊಡಗುತ್ತದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಆಳವಿಲ್ಲದ ತೆರೆದ ತೊಟ್ಟಿಯಲ್ಲಿ ಇದು ಕಷ್ಟ, ಆಳದ ಬಾವಿಯಲ್ಲಿ ಅಷ್ಟು ತೊಂದರೆಯಿಲ್ಲ. ಎರಡನೆಯದು, ಇದು ದಕ್ಷಿಣ ಅಮೆರಿಕದಿಂದ ಬಂದ ಮೀನು. ಹಳ್ಳಕ್ಕೆ ಸೇರಿದರೆ ಅಲ್ಲೇ ಬೇರೂರುತ್ತದೆ. ಆದ್ದರಿಂದ ಉಕ್ಕದ ಬಾವಿ, ಮುಚ್ಚಿದ ಸಂಪು, ಗೋಡೆ ಕಟ್ಟಿದ ತೊಟ್ಟಿಗೆ ಮಾತ್ರ ಗಪ್ಪಿ.

ಗಂಬೂಸಿಯಾ

ಹೊಟ್ಟೆಬಾಕತನದಲ್ಲಿ ಇದಕ್ಕೆ ಸಾಟಿಯಿಲ್ಲ: ದಿನಕ್ಕೆ 100ರಿಂದ 300 ಮರಿ. ಚಳಿಯನ್ನೂ ಗಪ್ಪಿಗಿಂತ ಚೆನ್ನಾಗಿ ತಾಳುತ್ತದೆ. 1928ರಲ್ಲಿ ಇಟಲಿಯಿಂದ ಭಾರತಕ್ಕೆ ಬಂದ ಮೇಲೆ ದಶಕಗಳ ಕಾಲ ದೇಶದ ಉದ್ದಗಲಕ್ಕೂ ಇದನ್ನು ಬಿಟ್ಟರು. ಆದರೆ ಸೊಳ್ಳೆ ಮರಿ ಮುಗಿದ ಮೇಲೆ ಇದು ಬೇರೆ ಮೀನುಗಳ ಮೊಟ್ಟೆ, ಮರಿ, ಕಪ್ಪೆಯ ಗೊದಮೊಟ್ಟೆಗಳಿಗೆ ಬಾಯಿ ಹಾಕುತ್ತದೆ, ತನಗಿಂತ ದೊಡ್ಡ ಮೀನಿನ ರೆಕ್ಕೆಯನ್ನೂ ಕಚ್ಚುತ್ತದೆ. ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಪಶ್ಚಿಮ ಘಟ್ಟದ ಹಳ್ಳಗಳಲ್ಲಿ ಬೇರೆಲ್ಲೂ ಸಿಗದ ಮೀನು, ಕಪ್ಪೆಗಳಿವೆ. ಅವು ತಾವೇ ಸೊಳ್ಳೆ ಮರಿ ತಿನ್ನುವ ಸೈನ್ಯ. ಮಲೆನಾಡಿಗೆ ಗಂಬೂಸಿಯಾ ಬೇಡ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಪುಕ್ಕಟೆ ಕೊಟ್ಟರೂ ಬೇಡ.

ಹಳ್ಳದ ಮೀನು

ನೀರಿನ ಮೇಲ್ಮೈಯಲ್ಲೇ ಓಡಾಡುವ, ನೆತ್ತಿಯ ಮೇಲೆ ಬೆಳ್ಳಿಯಂತೆ ಹೊಳೆಯುವ ಒಂದು ಚುಕ್ಕೆ, ಮೈಮೇಲೆ ಅಡ್ಡಪಟ್ಟೆ ಇರುವ ಬೆರಳುದ್ದದ ಮೀನನ್ನು ಕೆರೆಯಂಚಿನಲ್ಲಿ, ಗದ್ದೆಯ ಕಾಲುವೆಯಲ್ಲಿ ಎಲ್ಲರೂ ಕಂಡಿರುತ್ತೀರಿ. ಮೇಲಿನಿಂದ ಬಗ್ಗಿ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಆ ಚುಕ್ಕೆಯೇ. ವಿಜ್ಞಾನದಲ್ಲಿ ಇದು ಅಪ್ಲೋಕೀಲಸ್ ಲೀನಿಯೇಟಸ್, ಅಕ್ವೇರಿಯಂನವರಿಗೆ ಪ್ಯಾಂಚಾಕ್ಸ್. ಬಾಯಿ ಮೇಲ್ಮುಖವಾಗಿದೆ, ಅಂದರೆ ಅನಾಫಿಲಿಸ್ ಮರಿ ಮಲಗುವ ಜಾಗದಲ್ಲೇ ಇದರ ಊಟ. ಉಕ್ಕಿ ಹಳ್ಳಕ್ಕೆ ಹೋದರೂ ತನ್ನ ಮನೆಗೇ ಹೋದಂತೆ. ಮಳೆಗಾಲದ ಪ್ರಶ್ನೆಗೆ ತಲೆಬಿಸಿಯಿಲ್ಲದ ಉತ್ತರ ಇದೊಂದೇ.

ಕಷ್ಟ ಇರುವುದು ಹೊಂದಿಸುವುದರಲ್ಲಿ. ಗಪ್ಪಿಯಂತೆ ಚೀಲಗಟ್ಟಲೆ ಸಿಗುವುದಿಲ್ಲ. ಅದೇ ಹಳ್ಳದ ಪಾತ್ರದಿಂದ ಸಣ್ಣ ಕಣ್ಣಿನ ಬಲೆಯಲ್ಲಿ ಹಿಡಿಯಬೇಕು. ಬೇರೆ ನದಿಯ ಕಡೆಯಿಂದ ತರಬೇಡಿ. ಗಿಡಗಳಿಗೆ ಒಂದೊಂದೇ ಮೊಟ್ಟೆ ಅಂಟಿಸುವುದರಿಂದ, ಅವು ಒಡೆಯಲು ಸುಮಾರು ಎರಡು ವಾರ ಬೇಕಾಗುವುದರಿಂದ ಸಂತತಿ ನಿಧಾನ. ಇದು ಜಿಗಿಯುವ ಮೀನು ಕೂಡ. ತೊಟ್ಟಿಯ ನೀರು ಅಂಚಿನಿಂದ ಒಂದು ಅಡಿ ಕೆಳಗಿರಲಿ, ಇಲ್ಲವೇ ಮೇಲೆ ಬಲೆ ಹೊದಿಸಿ. ದಡದ ಮೀಟರಿಗೆ 5ರಂತೆ ಬಿಟ್ಟು ಎರಡು ವಾರ ಮಗ್ಗಿನ ಲೆಕ್ಕ ನೋಡಿ. ಇಳಿಯದಿದ್ದರೆ ಇನ್ನಷ್ಟು ಸೇರಿಸಿ. ಗಪ್ಪಿ ಸಾಕುವ ತೊಟ್ಟಿಗೆ ಇದನ್ನು ಬಿಡಬೇಡಿ, ಗಪ್ಪಿ ಮರಿಗಳೆಲ್ಲ ಇದರ ಪಾಲಾಗುತ್ತವೆ.

ತೊರೆಗಳ ಮಟ್ಟಿಗಂತೂ ಮೀನು ತಂದು ಬಿಡುವ ಅಗತ್ಯವೇ ಕಡಿಮೆ. ಅಲ್ಲಿ ಮೀನಿದೆ, ಆದರೂ ಫ್ಲುವಿಯಾಟಿಲಿಸ್ ಮರಿ ಬದುಕುತ್ತದೆ. ಕಾರಣ ದಡದ ಹುಲ್ಲು. ನೀರಿಗೆ ಬಾಗಿದ ಹುಲ್ಲಿನ ಎಳೆಗಳ ನಡುವೆ ಮರಿ ಅಡಗಿರುತ್ತದೆ, ಮೀನು ಅಲ್ಲಿಗೆ ನುಗ್ಗಲಾರದು. ಮನೆಗಳಿಗೆ ಒಂದೆರಡು ಕಿಲೋಮೀಟರ್ ಒಳಗಿನ ತೊರೆಯಲ್ಲಿ ನೀರು ನಿಧಾನವಾಗುವ ತಿರುವುಗಳನ್ನು ಗುರುತು ಮಾಡಿಕೊಂಡು, ಅಕ್ಟೋಬರಿನಿಂದ ಎರಡು ವಾರಕ್ಕೊಮ್ಮೆ ನೀರಂಚಿನ ಹುಲ್ಲನ್ನು ಕತ್ತಿಯಿಂದ ಸವರಿ, ತರಗೆಲೆ ಸಿಕ್ಕಿಕೊಂಡ ಕಡೆ ಎಳೆದು ಹಾಕಿದರೆ ಇರುವ ಮೀನೇ ಉಳಿದದ್ದನ್ನು ನೋಡಿಕೊಳ್ಳುತ್ತದೆ. ದಡದ ಮರ, ಬೇರು ಮುಟ್ಟಬೇಡಿ. ಬಿಸಿಲು ಬಿದ್ದಷ್ಟೂ ಹುಲ್ಲು ಹೆಚ್ಚು. ತೋಟದ ಬಸಿಗಾಲುವೆಗೂ ಇದೇ ಮದ್ದು: ಹೂಳೆತ್ತಿ ನೀರು ಓಡುವಂತೆ ಮಾಡುವುದು. ಅದು ತೋಟಕ್ಕೂ ಹೇಗೂ ಆಗಬೇಕಾದ ಕೆಲಸ.

ಬಿಟಿಐ ಪುಡಿ

ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್ ಎಂಬ ಬ್ಯಾಕ್ಟೀರಿಯಾ 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಒಂದು ಹೊಂಡದಲ್ಲಿ ಸಿಕ್ಕಿತು. ಇದರ ಪ್ರೋಟೀನ್ ಹರಳುಗಳನ್ನು ಮರಿ ನುಂಗಿದರೆ ಕರುಳು ಒಡೆದು ಸಾಮಾನ್ಯವಾಗಿ ಒಂದು ದಿನದೊಳಗೆ ಸಾಯುತ್ತದೆ. ದನಕರು, ಮೀನು, ಜೇನಿಗೆ ತೊಂದರೆಯಿಲ್ಲ. ಆದರೆ ಮರಿ ಅದನ್ನು ತಿನ್ನಬೇಕು. ಏನೂ ತಿನ್ನದ ಪ್ಯೂಪಾಕ್ಕೆ, ತಿನ್ನುವುದು ನಿಲ್ಲಿಸಿದ ಬಲಿತ ಮರಿಗೆ ಏನೂ ಆಗುವುದಿಲ್ಲ. ಪುಡಿ ಹೊಡೆದ ಮಾರನೇ ದಿನ ಸೊಳ್ಳೆ ಹಾರಿದರೆ ಪುಡಿ ನಕಲಿ ಎಂದು ತೀರ್ಮಾನಿಸಬೇಡಿ. ಎರಡು ದಿನದ ಮೇಲೆ ಮಗ್ಗಿನಲ್ಲಿ ಎಳೆ ಮರಿ ಇದೆಯೇ ನೋಡಿ.

ಅಂಗಡಿಯಲ್ಲಿ ಒಂದು ಎಚ್ಚರ. ಗೊಬ್ಬರದಂಗಡಿಯಲ್ಲಿ ‘ಬಿಟಿ’ ಎಂದು ಕೇಳಿದರೆ ಕಾಯಿಕೊರಕಕ್ಕೆ ಹೊಡೆಯುವ ಕುರ್ಸ್ಟಾಕಿ ತಳಿಯ ಪುಡಿ ಕೊಟ್ಟಾರು. ಅದರಿಂದ ಸೊಳ್ಳೆ ಮರಿ ಸಾಯುವುದಿಲ್ಲ. ಪೊಟ್ಟಣದ ಮೇಲೆ ‘ಇಸ್ರೇಲೆನ್ಸಿಸ್’ ಎಂದೇ ಇರಬೇಕು.

ಪ್ರಮಾಣವನ್ನು ಲೇಬಲ್ ನೋಡಿಯೇ ಹಾಕಬೇಕು, ಯಾಕೆಂದರೆ ತಯಾರಿಕೆಯಿಂದ ತಯಾರಿಕೆಗೆ ಶಕ್ತಿ ಬೇರೆ. ಹೆಕ್ಟೇರಿಗೆ 5 ಕೆ.ಜಿ. ಪುಡಿ, 200 ಲೀಟರ್ ನೀರು ಎಂದಿದ್ದರೆ ಒಂದು ಚದರ ಮೀಟರಿಗೆ ಅರ್ಧ ಗ್ರಾಂ ಪುಡಿ ಎಂದರ್ಥ. 10 ಮೀಟರ್ ಉದ್ದ, 5 ಮೀಟರ್ ಅಗಲದ ಕಲ್ಲು ಕ್ವಾರಿ ಗುಂಡಿಗೆ 25 ಗ್ರಾಂ, 1 ಲೀಟರ್ ನೀರಿನಲ್ಲಿ. ನೀರು ಸ್ವಲ್ಪ ಹೆಚ್ಚಾದರೆ ಅಡ್ಡಿಯಿಲ್ಲ, ಪುಡಿಯ ಲೆಕ್ಕ ತಪ್ಪಬಾರದು. ಅಂಥ ನಾಲ್ಕು ಗುಂಡಿಗೆ ಒಂದು ಸುತ್ತಿಗೆ 100 ಗ್ರಾಂ. ಅಕ್ಟೋಬರಿನಿಂದ ಜನವರಿವರೆಗೆ 15 ದಿನಕ್ಕೊಮ್ಮೆ ಎಂದರೆ ಎಂಟು ಸುತ್ತು, 800 ಗ್ರಾಂ. ಪುಡಿಗಿಂತ ಎಂಟು ಸಲದ ಆಳಿನ ಕೂಲಿಯೇ ಭಾರವಾದೀತು. ಬಜೆಟ್ ಹಾಕುವಾಗ ಜನ ಮರೆಯುವುದೂ ಅದನ್ನೇ.

ಪುಡಿಯನ್ನು ಮೊದಲು ಸ್ವಲ್ಪ ನೀರಿನಲ್ಲಿ ಗಂಜಿಯಂತೆ ಕಲಸಿ, ಬಟ್ಟೆಯಲ್ಲಿ ಸೋಸಿ, ಆಮೇಲೆ ಟ್ಯಾಂಕಿಗೆ ಹಾಕಿ. ಸೋಸದಿದ್ದರೆ ನಾಝಲ್ ಕಟ್ಟುತ್ತದೆ. ತಳಕ್ಕೆ ಕೂರುವುದರಿಂದ ನಡುನಡುವೆ ಅಲುಗಿಸುತ್ತಿರಬೇಕು. ಬೋರ್ಡೋ ಹೊಡೆದ ಸ್ಪ್ರೇಯರನ್ನು ಇದಕ್ಕೆ ಬಳಸಬೇಡಿ. ಎಷ್ಟು ತೊಳೆದರೂ ಪೈಪಿನಲ್ಲಿ ತಾಮ್ರ ಉಳಿದಿರುತ್ತದೆ. ಕಲಸಿದ್ದನ್ನು ಅಂದೇ ಮುಗಿಸಿ. ಬಿಸಿಲು ಈ ಪ್ರೋಟೀನನ್ನು ಕೆಡಿಸುವುದರಿಂದ ಸಂಜೆ ಹೊಡೆಯುವುದು ಮೇಲು. ಪುಡಿ ನಿಧಾನಕ್ಕೆ ತಳ ಸೇರುತ್ತದೆ, ಅನಾಫಿಲಿಸ್ ಮರಿ ತಿನ್ನುವುದು ಮೇಲ್ಮೈಯಲ್ಲಿ. ಹಾಗಾಗಿ ಇದರ ಪ್ರಭಾವ ಬಹಳ ದಿನ ನಿಲ್ಲುವುದಿಲ್ಲ. ಜೋರು ಮಳೆ ಬಂದು ಗುಂಡಿ ಉಕ್ಕಿದರೆ ಮತ್ತೆ ಹೊಡೆಯಬೇಕು. ಹರಿಯುವ ತೊರೆಗೆ ಹೊಡೆಯುವುದಂತೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಡ್ರ್ಯಾಗನ್‌ಫ್ಲೈ ಮರಿ, ಸೈಕ್ಲಾಪ್ಸ್ ಜಾತಿಯ ಸಣ್ಣ ಜೀವಿಗಳ ಬಗ್ಗೆಯೂ ಹಲವರು ಕೇಳುತ್ತಾರೆ. ವಿಯೆಟ್ನಾಂನಲ್ಲಿ ಸೈಕ್ಲಾಪ್ಸ್ ಬಳಗದ ಮೀಸೋಸೈಕ್ಲಾಪ್ಸ್ ಗೆದ್ದದ್ದು ನೀರಿನ ಜಾಡಿಗಳಲ್ಲಿ, ಡೆಂಗಿ ಸೊಳ್ಳೆಯ ಮೇಲೆ. ಡ್ರ್ಯಾಗನ್‌ಫ್ಲೈ ಸಾಕಿ ಬಿಡುವುದು ಊರಿನ ಕೈಲಾಗುವ ಕೆಲಸವಲ್ಲ. ಗದ್ದೆಗೆ ಅನಗತ್ಯ ಕೀಟನಾಶಕ ಹೊಡೆಯದಿದ್ದರೆ ಅವು ತಾವಾಗಿ ಬರುತ್ತವೆ.

ನಿಮ್ಮ ಊರಿಗೆ ಯಾವುದು?

ದುಡ್ಡಿಲ್ಲ, ಜನ ಇದ್ದಾರೆ, ಪಕ್ಕದಲ್ಲಿ ತೊರೆ ಇದೆ ಎಂದಾದರೆ ಹುಲ್ಲು ಸವರುವುದು ಮತ್ತು ಹಳ್ಳದ ಮೀನು. ಆಗುಂಬೆ, ಹೊಸನಗರದ ಕಡೆಯ ಹೆಚ್ಚಿನ ಊರುಗಳಿಗೆ ನಾವು ಹೇಳುವುದು ಇದನ್ನೇ. ಶಿಕಾರಿಪುರ, ಭದ್ರಾವತಿ ಬಯಲಿನಂತೆ ಉಕ್ಕದ ಬಾವಿಗಳೇ ಹೆಚ್ಚಿದ್ದರೆ ಗಪ್ಪಿ. ಕಟ್ಟಡದ ಗುಂಡಿ, ಕ್ವಾರಿ, ಎರಡು ತಿಂಗಳಲ್ಲಿ ಬತ್ತುವ ಹೊಂಡಗಳಿದ್ದು ಪಂಚಾಯಿತಿಯ ಕೈಯಲ್ಲಿ ಸ್ವಲ್ಪ ಹಣ ಇದ್ದರೆ ಬಿಟಿಐ. ಗ್ರಾಮ ಆರೋಗ್ಯ ಸಮಿತಿಗೆ ವರ್ಷಕ್ಕೆ ಬರುವ 10,000 ರೂಪಾಯಿವರೆಗಿನ ಮುಕ್ತ ನಿಧಿಯಿಂದ ಈ ಸಣ್ಣ ಖರ್ಚು ತೂಗಿಸಬಹುದೇ ಎಂದು ಆಶಾ ಕಾರ್ಯಕರ್ತೆಯ ಬಳಿ ವಿಚಾರಿಸಿ. ಪೇಟೆಯ ಓವರ್‌ಹೆಡ್ ಟ್ಯಾಂಕಿಗೆ ಮೀನು ಬಿಡುವ ಬದಲು ಬಿಗಿ ಮುಚ್ಚಳ, ಗಾಳಿ ಪೈಪಿಗೆ ಸೊಳ್ಳೆಪರದೆಯ ತುಂಡು ಕಟ್ಟಿದರೆ ಮುಗಿಯಿತು.

ಕೃಷಿ ಹೊಂಡಗಳದ್ದು ನಡುವಿನ ಸ್ಥಿತಿ. ಪ್ಲಾಸ್ಟಿಕ್ ಹಾಸಿದ, ಕೋಡಿ ಬೀಳುವ ಹೊಂಡಕ್ಕೆ ಹಳ್ಳದ ಮೀನು ಉತ್ತಮ. ಅದು ಸಿಗುವವರೆಗೆ ಬಿಟಿಐ ಹೊಡೆಯುತ್ತಿರಬಹುದು, ಎರಡೂ ಒಟ್ಟಿಗೆ ನಡೆಯುತ್ತವೆ. ಕೆರೆಯನ್ನು ಮೀನು ಸಾಕಣೆಗೆ ಹರಾಜು ಹಿಡಿದವರಿದ್ದರೆ ಮೊದಲೇ ಮಾತಾಡಿಕೊಳ್ಳಿ. ಕಾಟ್ಲಾ, ರೋಹು ಬಿಡುವ ಮುನ್ನ ಅವರು ಸಣ್ಣ ಮೀನನ್ನೆಲ್ಲ ತೆಗೆಸುವುದುಂಟು.

ಗಪ್ಪಿಯನ್ನು ಆರಿಸಿಕೊಂಡ ಊರಿಗೆ ತನ್ನದೇ ಒಂದು ಮರಿ ತೊಟ್ಟಿ ಬೇಕು. 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಆಳ. ನೀರು ಮುಕ್ಕಾಲು ಮೀಟರ್. ಹೊಸ ಸಿಮೆಂಟಿನ ಸುಣ್ಣದಂಶ ಮೀನನ್ನು ಕೊಲ್ಲುತ್ತದೆ. ಬಾಳೆದಿಂಡು ಹಾಕಿ ನೀರು ತುಂಬಿ, ವಾರಕ್ಕೊಮ್ಮೆ ಚೆಲ್ಲಿ, ಮೂರು ವಾರ ಕಳೆದ ಮೇಲೆ ಐದಾರು ಮೀನು ಬಿಟ್ಟು ಪರೀಕ್ಷಿಸಿ. ನಲ್ಲಿ ನೀರಾದರೆ ಒಂದು ದಿನ ತೆರೆದಿಟ್ಟು ಬಳಸಿ. ಅರ್ಧ ತೊಟ್ಟಿಗೆ ನೆರಳು, ಒಂದು ಮೂಲೆಯಲ್ಲಿ ಜಲಸಸ್ಯ ಇರಲಿ. ಇಲ್ಲದಿದ್ದರೆ ತಾಯಿಯೇ ಮರಿ ತಿನ್ನುತ್ತದೆ. ಮಿಂಚುಳ್ಳಿ ಹಕ್ಕಿಗೆ ಸಿಗದಂತೆ ಮೇಲೆ ಬಲೆ. ಒಂದು ಗಂಡಿಗೆ ಮೂರು ಹೆಣ್ಣಿನ ಲೆಕ್ಕದಲ್ಲಿ ನೂರು ಮೀನಿನಿಂದ ಶುರುಮಾಡಿ. ಇಲ್ಲಿ ಮಾತ್ರ ದಿನಕ್ಕೊಂದು ಚಿಟಿಕೆ ತೌಡು, ಕಡಲೆಕಾಯಿ ಹಿಂಡಿ ಹಾಕಬಹುದು, ಅದೂ ಹತ್ತು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಈ ತೊಟ್ಟಿಯ ಹೆಚ್ಚುವರಿ ನೀರಿನ ಪೈಪಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ, ಆ ನೀರು ಹಳ್ಳಕ್ಕಲ್ಲ, ಇಂಗುಗುಂಡಿಗೆ ಹೋಗಲಿ.

ಜನರನ್ನು ಒಪ್ಪಿಸುವುದಕ್ಕೂ ಹೊತ್ತು ಮೀಸಲಿಡಿ. ತುಮಕೂರು ಜಿಲ್ಲೆಯಲ್ಲಿ 2001ರಲ್ಲಿ ಇದೇ ವಿಷಯ ತಿಳಿಸಲು ಕಲಾಜಾಥಾ ನಡೆಸಿ, ಹಾಡು, ನಾಟಕದ ಮೂಲಕ ಊರೂರು ತಿರುಗಿದ್ದರು. ‘ಕುಡಿಯುವ ನೀರಲ್ಲಿ ಮೀನೇ?’ ಎಂಬ ಅಜ್ಜಿಯ ಅನುಮಾನಕ್ಕೆ ಕರಪತ್ರ ಉತ್ತರ ಕೊಡಲಾರದು. ಗಾಜಿನ ಜಾಡಿಯಲ್ಲಿ ಇಪ್ಪತ್ತು ಸೊಳ್ಳೆ ಮರಿ ಹಾಕಿ ಎರಡು ಗಪ್ಪಿ ಬಿಟ್ಟು ತೋರಿಸಿ, ಅವರೇ ಎಣಿಸಲಿ.

ಮೀನು ಬಿಟ್ಟ ಊರಿನಲ್ಲೂ ಜ್ವರ ಬಂದವರ ರಕ್ತಪರೀಕ್ಷೆ ಅದೇ ದಿನ ಆಗಬೇಕು. ಮೀನು ಮುಂದಿನ ಸೊಳ್ಳೆಯನ್ನು ತಡೆಯುತ್ತದೆ, ಮೈಯಲ್ಲಿರುವ ರೋಗಾಣುವನ್ನಲ್ಲ. ವೈವ್ಯಾಕ್ಸ್ ಮಲೇರಿಯಾ ಎಂದು ಬಂದರೆ ವೈದ್ಯರು ಕೊಟ್ಟ 14 ದಿನದ ಪ್ರೈಮಾಕ್ವಿನ್ ಪೂರ್ತಿ ನುಂಗಬೇಕು. ನಡುವೆ ಬಿಟ್ಟರೆ ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ಮೇಲೆ ಮರುಕಳಿಸಬಹುದು. ಕಾಡಿಗೆ ಹೋಗಿಬಂದವರ ಜ್ವರ ಉಣುಗಿನಿಂದ ಬರುವ ಮಂಗನ ಕಾಯಿಲೆಯೂ ಆಗಿರಬಹುದು, ಅದನ್ನು ಆಸ್ಪತ್ರೆಯಲ್ಲಿ ಹೇಳಬೇಕು.

ಕೆಲಸ ಹಿಡಿಯುವ ತಿಂಗಳು ಸೆಪ್ಟೆಂಬರ್ ಕೊನೆ. ಅಷ್ಟರೊಳಗೆ ಮಗ್ ಹಿಡಿದು ಊರಿನ ನೀರುಗಳ ಪಟ್ಟಿ ಮಾಡಿ, ಪ್ರತಿ ನೀರಿನ ಮುಂದೆ ಒಬ್ಬರ ಹೆಸರು ಬರೆಯಿರಿ. ವಾರಕ್ಕೊಂದು ದಿನ, ಹತ್ತು ಸಲ ಅದ್ದುವುದು. ಎರಡು ವಾರ ಸತತವಾಗಿ ಬಲಿತ ಮರಿಯೂ ಪ್ಯೂಪಾವೂ ಸಿಗದಿದ್ದರೆ ಆ ನೀರು ಹತೋಟಿಯಲ್ಲಿದೆ. ಸಿಗುತ್ತಿದ್ದರೆ ಮೊದಲು ಮೀನು ಬದುಕಿದೆಯೇ, ಹುಲ್ಲು ಮತ್ತೆ ಬೆಳೆದಿದೆಯೇ, ಯಾರಾದರೂ ತುತ್ತದ ಡ್ರಮ್ ತೊಳೆದರೇ ಎಂದು ನೋಡಿ. ಮೇ ಕೊನೆಯಲ್ಲಿ, ಮೊದಲ ದೊಡ್ಡ ಮಳೆಗೆ ಮುಂಚೆ, ಗಪ್ಪಿ ಬಿಟ್ಟ ಬಾವಿಗಳಲ್ಲಿ ಯಾವುದಾದರೂ ಈ ಸಲ ಉಕ್ಕಬಹುದು ಎನಿಸಿದರೆ ಅದರಿಂದ ಗಪ್ಪಿಯನ್ನು ಬಲೆಯಲ್ಲಿ ಎತ್ತಿ ಮರಿ ತೊಟ್ಟಿಗೆ ವಾಪಸು ತನ್ನಿ.